ಒಂಟಿ ಸೀಟಿನ ಕಾನೂನು

ಶಾಲೆಯ ಬಸ್ಸಿನಲ್ಲಿ ಮಿಕ್ಕ ಸೀಟುಗಳೆಲ್ಲ ಜೋಡಿ. ಡ್ರೈವರನ ಮಗ್ಗುಲಲ್ಲಿ, ಬಾಗಿಲಿಗೆ ಅಂಟಿಕೊಂಡಂತೆ ಇದ್ದದ್ದು ಮಾತ್ರ ಒಂಟಿ. ಅದರ ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿತ್ತು. ಡ್ರೈವರ್ ತಾನೇ ಸೂಜಿ ದಾರ ಹಿಡಿದು, ಹಳೆಯ ಪರದೆಯ ಬಟ್ಟೆಯಿಂದ ಅದಕ್ಕೊಂದು ಗವಸು ಹೊಲಿದು ಹಾಕಿದ್ದ. ಹೊಲಿಗೆ ಸೊಟ್ಟ. ಹೂವುಗಳು ತಲೆಕೆಳಗು. ಮಕ್ಕಳು ನಗುತ್ತಿದ್ದರು, ಆದರೆ ಆ ಸೀಟಿನ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ.

ಆ ಸೀಟಿಗೆ ಒಂದು ಕಾನೂನಿತ್ತು. ಅಲ್ಲಿ ಕೂತವರನ್ನು ಯಾರೂ ಏನೂ ಕೇಳಬಾರದು. ಯಾಕೆ ಅಳ್ತಿದ್ದೀಯ, ಯಾರು ಬೈದರು, ಮಾರ್ಕ್ಸ್ ಎಷ್ಟು ಬಂತು, ಒಂದೂ ಇಲ್ಲ. ಇಳಿಯುವ ಜಾಗ ಬರುವವರೆಗೂ ಕಿಟಕಿ ನೋಡುತ್ತ ಕೂತಿರಬಹುದು.

ಈ ಕಾನೂನು ಹುಟ್ಟಿದ್ದು ಹೀಗೆ. ಬಹಳ ಹಿಂದೆ ಒಬ್ಬಳು ಪುಟ್ಟ ಹುಡುಗಿ ಮುಖ ಊದಿಸಿಕೊಂಡು ಬಸ್ ಹತ್ತಿದ್ದಳು. ಇಡೀ ಬಸ್ಸು ಅವಳ ಮೇಲೆ ಮುಗಿಬಿದ್ದು "ಏನಾಯ್ತೇ, ಏನಾಯ್ತೇ" ಎಂದು ಕಾಡತೊಡಗಿತು. ಅವಳ ಕೆಳತುಟಿ ನಡುಗುವುದು ಡ್ರೈವರನಿಗೆ ಕನ್ನಡಿಯಲ್ಲಿ ಕಂಡಿತು. "ಬಾ ಪುಟ್ಟಿ, ಇಲ್ಲಿ ಕೂತ್ಕೋ. ಇಲ್ಲಿ ಕೂತವರನ್ನ ಯಾರೂ ಮಾತಾಡ್ಸೋ ಹಾಗಿಲ್ಲ" ಎಂದುಬಿಟ್ಟ. ಆ ಹೊತ್ತಿಗೆ ಬಾಯಿಗೆ ಬಂದ ಮಾತು. ಆದರೆ ಮಕ್ಕಳು ಕಾನೂನನ್ನು ದೊಡ್ಡವರಿಗಿಂತ ಗಟ್ಟಿಯಾಗಿ ಹಿಡಿಯುತ್ತಾರೆ. ಮಾರನೆಯ ವಾರ ಹೊಸ ಹುಡುಗನೊಬ್ಬ ಆ ಸೀಟಿನಲ್ಲಿದ್ದವನನ್ನು ಏನೋ ಕೇಳಲು ಹೋದಾಗ ಆಗಿನ್ನೂ ಒಂದನೇ ತರಗತಿಯಲ್ಲಿದ್ದ ಮೋಟು ಜಡೆಯವಳು ಎದ್ದು ನಿಂತು, "ಏಯ್! ಅವನು ಒಂಟಿ ಸೀಟಲ್ಲಿದಾನೆ, ಕಣ್ಣು ಕಾಣಲ್ವಾ?" ಎಂದು ಗದರಿದ್ದಳು.

ಮಕ್ಕಳು ಅವನನ್ನು ಡ್ರೈವರ್ ಮಾವ ಎನ್ನುತ್ತಿದ್ದರು. ಮಕ್ಕಳನ್ನು ಹತ್ತಿಸಿ ಇಳಿಸಲು ಜೊತೆಗಿರುತ್ತಿದ್ದ ಹೆಂಗಸು ಎಲ್ಲರಿಗೂ ಆಯಮ್ಮ. ದಪ್ಪ ದನಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಕುತೂಹಲ. ಒಂಟಿ ಸೀಟಿನ ಕಾನೂನು ಅವಳಿಗೆ ಮಾತ್ರ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಮಗು ಅಳ್ತಾ ಕೂತಿರುತ್ತೆ, ನಾನು ಪಕ್ಕದಲ್ಲೇ ನಿಂತು ಆಕಾಶ ನೋಡ್ಬೇಕು. ನಿನ್ನದೂ ಒಂದು ಕಾನೂನು! ನನ್ನ ಹೊಟ್ಟೆ ಉಬ್ಬರಿಸಿ ಒಂದು ದಿನ ಒಡೆದೇ ಹೋಗುತ್ತೆ ನೋಡು," ಎಂದು ಗೊಣಗುತ್ತಿದ್ದಳು.

"ಒಡೆದರೆ ಹೊಲಿದು ಕೊಡ್ತೀನಿ."

"ನಿನ್ನ ಹೊಲಿಗೆ ನೋಡಿದೀನಿ ಬಿಡಪ್ಪ."

ಡ್ರೈವರನ ತಲೆಯ ಮೇಲೆ, ಗಾಜಿಗೆ ಅಡ್ಡಲಾಗಿ ಒಂದು ಉದ್ದನೆಯ ಕನ್ನಡಿಯಿತ್ತು. ಅದರಲ್ಲಿ ಹೆಚ್ಚುಕಡಿಮೆ ಇಡೀ ಬಸ್ಸು ಕಾಣುತ್ತಿತ್ತು. ಯಾರು ಯಾರ ಡಬ್ಬಿಗೆ ಕೈ ಹಾಕಿದರು, ಯಾರು ಯಾರ ಪಕ್ಕದಿಂದ ಎದ್ದು ಹೋದರು, ಎಲ್ಲ. ಎಂಟನೇ ತರಗತಿಯ ಹುಡುಗಿಯರು ಹತ್ತುವಾಗ ಅವನ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ಅದರಲ್ಲಿ ನಿಲ್ಲುತ್ತಿತ್ತು. ಅವರು ಮೆಟ್ಟಿಲ ಪಕ್ಕದ ಕಂಬಿ ಹಿಡಿಯುವಾಗ ಭುಜ ಎಲ್ಲಿಗೆ ಬರುತ್ತದೆ ಎಂದು ನೋಡಿಟ್ಟುಕೊಳ್ಳುತ್ತಿದ್ದ. ಅವನ ಮಗಳೂ ಈಗ ಎಂಟನೇ ತರಗತಿ. ಅವಳೂ ಈಗ ಇಷ್ಟೆತ್ತರ ಇರಬೇಕು. ಹೋದ ವರ್ಷ ಕಂಬಿಯ ಕೆಳಗಿನ ಮೊಳೆಯವರೆಗಿದ್ದಳು. ಈ ವರ್ಷ ಮೇಲಿನ ಮೊಳೆ ದಾಟಿದ್ದಾಳೆ. ಮಗಳು ಬೆಳೆಯುವುದನ್ನು ಅವನು ಹೀಗೆ ಬೇರೆಯವರ ಮಕ್ಕಳ ಭುಜದಲ್ಲಿ ನೋಡಿದ್ದ.

ಅವಳು ಬೇರೆ ಊರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಳು. ಅವಳು ಚಿಕ್ಕವಳಿದ್ದಾಗ ಡ್ರೈವರ್ ಸರಕಿನ ಲಾರಿ ಓಡಿಸುತ್ತಿದ್ದ. ಹೆಂಡತಿ ತೀರಿಕೊಂಡ ದುಃಖಕ್ಕೆ ಕುಡಿತ ಕಲಿತ ಎಂದು ನೆಂಟರು ಹೇಳುತ್ತಿದ್ದರು, ಅವನ ಮಾನ ಉಳಿಸಲು. ನಿಜವೇನೆಂದರೆ ಕುಡಿತ ಮೊದಲೇ ಇತ್ತು. ಆಮೇಲೆ ಅದಕ್ಕೊಂದು ನೆಪ ಸಿಕ್ಕಿತು. ಒಂದು ಸಂಜೆ ಮಗಳನ್ನು ಶಾಲೆಯಿಂದ ಕರೆತರುವುದು ಅವನ ಪಾಲಿನ ಕೆಲಸವಾಗಿತ್ತು. ಅವನು ಹೋಗುವ ಹೊತ್ತಿಗೆ ಗೇಟಿಗೆ ಬೀಗ ಬಿದ್ದಿತ್ತು. ಮಗು ಕಾವಲುಗಾರನ ಮುರುಕು ಕುರ್ಚಿಯ ಮೇಲೆ, ಚೀಲವನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಿತ್ತು. "ಎಲ್ಲಿದ್ದೆ ಅಪ್ಪಾ?" ಎಂದು ಕೇಳಿದ್ದಳು. ಬೈಯುವ ದನಿಯಲ್ಲಿ ಅಲ್ಲ, ಸುಮ್ಮನೆ, ತಿಳಿದುಕೊಳ್ಳುವುದಕ್ಕೆ. ಅವನು "ಏನೂ ಕೇಳಬೇಡ. ಬಾಯಿ ಮುಚ್ಕೊಂಡು ನಡಿ" ಎಂದಿದ್ದ.

ಅವಳು ಆ ಮಾತನ್ನು ನಡೆಸಿಕೊಟ್ಟಳು. ಅಂದಿನಿಂದ ಅಪ್ಪನನ್ನು ಏನೂ ಕೇಳಿದವಳಲ್ಲ. ಮುಂದಿನ ತಿಂಗಳೇ ದೊಡ್ಡಮ್ಮ ಬಂದು ಕರೆದುಕೊಂಡು ಹೋದಾಗ, ಅಪ್ಪ ಯಾವಾಗ ಬರ್ತೀಯ ಎಂದು ಸಹ ಕೇಳಲಿಲ್ಲ.

ಆಮೇಲೆ ಅವನು ಕುಡಿತ ಬಿಟ್ಟ. ಅದೊಂದು ಪ್ರತ್ಯೇಕ ಕಥೆ, ಅವನು ಯಾರಿಗೂ ಹೇಳಿದ್ದಲ್ಲ. ಹಿಂದೆ ಕುಡಿಯುತ್ತಿದ್ದನೆಂಬುದನ್ನಷ್ಟೇ ಆಯಮ್ಮ ಕೆದಕಿ ಕೆದಕಿ ತಿಳಿದುಕೊಂಡಿದ್ದಳು. ಈ ಶಾಲೆಗೆ ಕೆಲಸ ಕೇಳಿಕೊಂಡು ಬಂದಾಗ ಮುಖ್ಯೋಪಾಧ್ಯಾಯಿನಿಗೆ ಮಾತ್ರ ಎಲ್ಲವನ್ನೂ ಮೊದಲೇ ತಿಳಿಸಿದ್ದ. ಆಕೆ ಕನ್ನಡಕದ ಮೇಲಿನಿಂದ ನೋಡಿ, "ಒಂದು ದಿನ ವಾಸನೆ ಬಂದರೂ ಆವತ್ತೇ ಕೊನೆ" ಎಂದಿದ್ದರು. ಆ ದಿನ ಬಂದಿರಲಿಲ್ಲ.

ಭಾನುವಾರ ಅವನು ಫೋನ್ ಮಾಡುತ್ತಿದ್ದ. ಹೆಂಡತಿಯ ಅಕ್ಕ ಎತ್ತಿಕೊಂಡು ಎರಡು ಮಾತಾಡಿ ಮಗಳಿಗೆ ಕೊಡುತ್ತಿದ್ದಳು.

"ಊಟ ಆಯ್ತಾ ಮಗಳೇ?"

"ಹೂಂ."

"ಓದ್ತಿದ್ದೀಯಾ?"

"ಹೂಂ."

"ಮತ್ತೆ?"

"ಏನಿಲ್ಲ. ದೊಡ್ಡಮ್ಮಂಗೆ ಕೊಡ್ತೀನಿ."

ಎರಡು ಹೂಂ, ಒಂದು ಏನಿಲ್ಲ. ಅಷ್ಟನ್ನೇ ಅವನು ವಾರಪೂರ್ತಿ ಬಾಯಲ್ಲಿ ಸಕ್ಕರೆಯ ತುಂಡಿನಂತೆ ಇಟ್ಟುಕೊಂಡಿರುತ್ತಿದ್ದ. ಎರಡನೆಯ ಹೂಂ ಸ್ವಲ್ಪ ಉದ್ದವಾಗಿತ್ತಲ್ಲವೇ? ಹಿಂದಿನ ವಾರದಷ್ಟು ಶೀತ ಕಟ್ಟಿದಂತಿರಲಿಲ್ಲ ಅಲ್ಲವೇ?

ಆ ವರ್ಷ ಹೆಂಡತಿಯ ಅಕ್ಕ ತಾನಾಗಿಯೇ ಹೇಳಿದ್ದಳು: "ಪರೀಕ್ಷೆ ಮುಗೀಲಿ. ಅಲ್ಲೀವರೆಗೆ ನಿನ್ನ ಬಗ್ಗೆ ನನ್ನ ಕಿವಿಗೆ ಕೆಟ್ಟದ್ದೇನೂ ಬೀಳದೆ ಇದ್ರೆ, ರಜೆಗೆ ಕಳಿಸಿಕೊಡ್ತೀನಿ. ಅವಳು ಬರ್ತೀನಿ ಅಂದ್ರೆ ಮಾತ್ರ." ಅವನು ಅಂದೇ ಒಳಕೋಣೆಗೆ ಸುಣ್ಣ ಹೊಡೆದ. ಕಿಟಕಿಗೆ ಹೊಸ ಪರದೆ ತಂದ. ಇಳಿಸಿದ ಹಳೆಯ ಪರದೆಯೇ ಒಂಟಿ ಸೀಟಿನ ಗವಸಾಯಿತು.

ಅದೇ ವರ್ಷ ಬಸ್ಸಿಗೆ ಪೆನ್ಸಿಲ್ ಬಂದ.

ಏಳನೇ ತರಗತಿಯ ಹುಡುಗ. ಕಡ್ಡಿಯಂತೆ ಉದ್ದ, ಮೇಲೆ ಚೂಪಾದ ತಲೆ. ಹೆಸರಿಟ್ಟವನು ಹತ್ತನೇ ತರಗತಿಯ ಕ್ಯಾಪ್ಟನ್. ವಾಲಿಬಾಲ್ ತಂಡದ ನಾಯಕ. ಬಸ್ಸಿನ ಕೊನೆಯ ಸಾಲು ಅವನ ಸಾಮ್ರಾಜ್ಯ. ಪೆನ್ಸಿಲ್ ದಾಟಿಹೋಗುವಾಗ "ಏ, ಶಾರ್ಪ್ ಮಾಡ್ರೋ ಇವನನ್ನ" ಎಂದು ಯಾರಾದರೂ ಕಿವಿ ತಿರುಚುತ್ತಿದ್ದರು. ಒಮ್ಮೆ ಅವನ ಚೀಲ ಕಿಟಕಿಯಿಂದ ಹೊರಗೆ ನೇತಾಡಿತು. ಡ್ರೈವರ್ ಕನ್ನಡಿಯಲ್ಲಿ ಕಂಡಾಗಲೆಲ್ಲ ಗದರುತ್ತಿದ್ದ, ಕಂಡದ್ದು ಕಡಿಮೆ. ಕೊನೆಯ ಸಾಲು ಕನ್ನಡಿಯ ಅಂಚಿನಲ್ಲಿತ್ತು.

ಪೆನ್ಸಿಲ್ ಒಂಟಿ ಸೀಟಿಗೆ ಬಂದು ಕೂರತೊಡಗಿದ. ದಿನಾ ಸಂಜೆ. ಚೀಲ ಮಡಿಲಲ್ಲಿ, ಗಲ್ಲ ಚೀಲದ ಮೇಲೆ. ಚೀಲವನ್ನು ಅವನು ಹಿಡಿದುಕೊಳ್ಳುವ ರೀತಿ ನೋಡಿದರೆ ಡ್ರೈವರನ ಎದೆಯಲ್ಲಿ ಏನೋ ಮಗ್ಗುಲು ಬದಲಿಸುತ್ತಿತ್ತು. ಆದರೆ ಕಾನೂನು ಕಾನೂನೇ. ಅವನು ಕೇಳಲಿಲ್ಲ. ಬದಲಿಗೆ ಗೇರ್ ಹೇಗೆ ಹಾಕುವುದೆಂದು ತೋರಿಸಿದ. ಬ್ರೇಕ್ ಹಿಡಿಯುವ ಮುಂಚೆ ಎಂಜಿನ್ ದನಿ ಹೇಗೆ ಇಳಿಯುತ್ತದೆ ಕೇಳು ಎಂದ. ಹುಡುಗ ತಲೆಯಾಡಿಸುತ್ತಿದ್ದ. ಒಂದೆರಡು ಸಲ ಬಾಯಿ ತೆರೆದು ಮುಚ್ಚಿದ.

"ಈ ಹುಡುಗನ್ನ ಕೇಳೋಣ್ವಾ?" ಎಂದು ಆಯಮ್ಮ ಅವನು ಇಳಿದ ಮೇಲೆ ಪಿಸುಗುಟ್ಟಿದಳು.

"ಬೇಡ. ಕೇಳಿದ್ರೆ ಈ ಸೀಟಿಗೂ ಬರೋದು ಬಿಟ್ಟುಬಿಡ್ತಾನೆ. ಅವನಾಗೇ ಹೇಳ್ಲಿ."

ಹೀಗೇ ವಾರಗಳು ಕಳೆದವು. ಆಮೇಲೆ ಒಂದು ಸಂಜೆ ಪೆನ್ಸಿಲ್ ಒಂಟಿ ಸೀಟಿಗೆ ಬರಲಿಲ್ಲ. ಕ್ಯಾಪ್ಟನ್ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಕೊನೆಯ ಸಾಲಿಗೆ ಕರೆದೊಯ್ದ. ಮಾರನೆಯ ದಿನವೂ ಹಾಗೇ. ಹಿಂದಿನಿಂದ ನಗು ಕೇಳುತ್ತಿತ್ತು.

ಡ್ರೈವರನಿಗೆ ಅಂದು ಆದ ಖುಷಿ ಅಷ್ಟಿಷ್ಟಲ್ಲ. ಅವನ ಲೆಕ್ಕದಲ್ಲಿ ಒಂಟಿ ಸೀಟು ಖಾಲಿಯಿದೆ ಎಂದರೆ ಬಸ್ಸಿನಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದರ್ಥ. "ನೋಡಿದ್ಯಾ? ನಾವು ಬಾಯಿ ಹಾಕಿದ್ರೆ ಕೆಡ್ತಿತ್ತು. ತಾವೇ ಸರಿಮಾಡಿಕೊಂಡ್ರು," ಎಂದು ಆಯಮ್ಮನ ಮುಂದೆ ಬೀಗಿದ. ಖಾಲಿ ಸೀಟಿನ ಗವಸನ್ನು ಕೊಡವಿ ನೆಟ್ಟಗೆ ಮಾಡಿದ. ಇಷ್ಟು ವರ್ಷ ಆ ಸೀಟನ್ನೇ ನೋಡಿ ನೋಡಿ, ಅದರಾಚೆ ನೋಡುವುದನ್ನು ಅವನು ಮರೆತಿದ್ದ.

ಅದಾದ ಮೇಲಿನ ವಾರ, ಶಾಲೆ ಬಿಟ್ಟ ಸ್ವಲ್ಪ ಹೊತ್ತಿಗೆ, ರೈಲು ಹಳಿಯ ಕೆಳಗಿನ ಸುರಂಗ ದಾಟುತ್ತಿದ್ದಂತೆ ಹಿಂದಿನ ನಗು ತಟ್ಟನೆ ನಿಂತಿತು. "ಮಾವ, ಪೆನ್ಸಿಲ್ ವಾಂತಿ ಮಾಡ್ತಿದಾನೆ!" ಎಂದು ಒಂದು ಹುಡುಗಿ ಚೀರಿದಳು.

ಬಸ್ಸನ್ನು ಬದಿಗೆ ನಿಲ್ಲಿಸಿ ಅವನು ಓಡಿದ. ಹುಡುಗ ಎರಡು ಸೀಟಿನ ನಡುವೆ ಮುದುಡಿ ಬಿದ್ದಿದ್ದ. ಕಣ್ಣುಗಳು ಮೇಲಕ್ಕೆ ಹೋಗಿದ್ದವು. ಕಾಲ ಬಳಿ ಆಟದ ಮೈದಾನಕ್ಕೆ ಒಯ್ಯುವ ನೀರಿನ ಬಾಟಲಿ ಉರುಳುತ್ತಿತ್ತು. ಹಣ್ಣಿನ ರಸದ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಡ್ರೈವರನಿಗೆ ಬಾಟಲಿಯನ್ನು ಮೂಗಿಗೆ ಹಿಡಿಯುವ ಅಗತ್ಯವೇ ಬರಲಿಲ್ಲ. ಹಳೆಯ ಪರಿಚಯ, ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದ.

ಆಯಮ್ಮನ ಮೂಗಿಗೂ ಅದು ಬಡಿಯಿತು. ಅವಳು ಮೊದಲು ನೋಡಿದ್ದು ಹುಡುಗನನ್ನಲ್ಲ, ಡ್ರೈವರನನ್ನು. ಒಂದು ಕ್ಷಣ ಮಾತ್ರ. ತಕ್ಷಣ ನಾಚಿ ಕಣ್ಣು ತಗ್ಗಿಸಿದಳು. ಅವನಿಗೆ ಆ ಒಂದು ಕ್ಷಣವೇ ಸಾಕಾಗಿತ್ತು, ಮುಂದೆ ಏನೇನಾಗುತ್ತದೆ ಎಂದು ತಿಳಿಯಲು.

ಹುಡುಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ವಾಂತಿ ಗಂಟಲಲ್ಲಿ ಸಿಕ್ಕಿಕೊಳ್ಳದಂತೆ ಬಾಯಿ ಬರಿದು ಮಾಡಿ, ತಲೆಯನ್ನು ಕೈಯಲ್ಲಿ ಹಿಡಿದುಕೊಂಡ. "ಪೆನ್ಸಿಲ್, ಏ ಪೆನ್ಸಿಲ್, ನಿದ್ದೆ ಮಾಡ್ಬೇಡ. ಬ್ರೇಕ್ ಹಿಡಿಯೋ ಮುಂಚೆ ಎಂಜಿನ್ ಏನ್ಮಾಡುತ್ತೆ? ಹೇಳು."

"ಇಳಿ... ಇಳಿಯುತ್ತೆ ಮಾವ."

"ಭೇಷ್. ಹೇಳ್ತಾನೇ ಇರು."

ಕೊನೆಯ ಸಾಲಿನ ದೊಡ್ಡ ಹುಡುಗರು ಹಿಂದಿನ ಗಾಜಿಗೆ ಅಂಟಿಕೊಂಡಿದ್ದರು. ಕ್ಯಾಪ್ಟನ್ ಮುಖ ಬಿಳಿಚಿಕೊಂಡಿತ್ತು. "ಯಾರು ಕೊಟ್ಟದ್ದು?" ಎಂದು ಆಯಮ್ಮ ಗುಡುಗಿದಳು. ಒಬ್ಬರೂ ಉಸಿರೆತ್ತಲಿಲ್ಲ.

ಅವಳು ಡ್ರೈವರನ ಬಳಿ ಬಾಗಿ ಪಿಸುಗುಟ್ಟಿದಳು: "ನನ್ನ ಮಾತು ಕೇಳು. ನೀರು ಹೊಡೆದು ತೊಳೆದುಬಿಡ್ತೀನಿ. ಬಸ್ಸು ಕುಲುಕಿ ವಾಂತಿ ಆಯ್ತು ಅಂತ ಮನೆಗೆ ಬಿಡೋಣ. ಬಸ್ಸಲ್ಲಿ ಹೆಂಡದ ವಾಸನೆ ಅಂದ್ರೆ ಮೊದಲು ಯಾರ ಬಾಯಿ ಮೂಸ್ತಾರೆ? ನಿನ್ನದೇ. ರಜೆಗೆ ಇನ್ನೆಷ್ಟು ದಿನ ಇದೆ? ಮಗಳು ಬರೋದು ಬೇಡ್ವಾ ನಿನಗೆ?"

ಬೇಡವೇ ಎಂದು ಕೇಳಿದಳಲ್ಲ! ಸುಣ್ಣದ ವಾಸನೆ ಇನ್ನೂ ಹೋಗದ ಆ ಕೋಣೆ, ಯಾರೂ ಮಲಗದ ಹಾಸಿಗೆ, ಕಂಬಿಯ ಮೇಲಿನ ಮೊಳೆ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕೈಯಲ್ಲಿ ಹುಡುಗನ ತಲೆ ಬಿಸಿಯಾಗಿತ್ತು, ಭಾರವಾಗಿತ್ತು.

"ಬೇಕು," ಎಂದ ಕೊನೆಗೆ. "ಬಾಗಿಲು ಹಾಕು. ಆಸ್ಪತ್ರೆಗೆ ಹೋಗೋಣ."

ಬಸ್ಸು ತುಂಬ ಮಕ್ಕಳೊಂದಿಗೆ ಅವನು ಹತ್ತಿರದ ಆಸ್ಪತ್ರೆಯ ಮುಂದೆ ನಿಲ್ಲಿಸಿದ. ಆಯಮ್ಮನನ್ನು ಮಕ್ಕಳ ಕಾವಲಿಗೆ ಬಿಟ್ಟು, ಹುಡುಗನನ್ನು ಒಳಗೆ ಮಲಗಿಸಿದ ಮೇಲೆ ವೈದ್ಯರಿಗೆ, "ನನ್ನನ್ನೂ ಪರೀಕ್ಷೆ ಮಾಡಿ ಸರ್. ಈಗಲೇ ಮಾಡಿ," ಎಂದ. ಅವರು ವಿಚಿತ್ರವಾಗಿ ನೋಡಿ, ಕೊಳವೆಯೊಂದನ್ನು ಊದಲು ಕೊಟ್ಟರು. ಯಂತ್ರ ಸೊನ್ನೆ ತೋರಿಸಿತು. ಪೆನ್ಸಿಲ್‌ನ ಅಮ್ಮ ಓಡಿ ಬಂದಳು. ರಾತ್ರಿಯ ಹೊತ್ತಿಗೆ ಹುಡುಗನ ಕಣ್ಣು ತಿಳಿಯಾಗಿತ್ತು. ಯಾರು ಕುಡಿಸಿದರು ಎಂದರೆ ಮಾತ್ರ ಗೋಡೆಯ ಕಡೆ ತಿರುಗುತ್ತಿದ್ದ.

ಮರುದಿನ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕ್ಯಾಪ್ಟನ್‌ನ ಅಪ್ಪ ಕುರ್ಚಿ ತುಂಬ ಕೂತಿದ್ದರು. ಕೊನೆಯ ಸಾಲಿನಲ್ಲಿದ್ದವರ ಅಪ್ಪಂದಿರನ್ನೆಲ್ಲ ಕರೆಸಲಾಗಿತ್ತು, ಮಾತಾಡುತ್ತಿದ್ದವರು ಇವರೊಬ್ಬರೇ. "ಈ ಮನುಷ್ಯನ ಹಿಂದಿನ ಕಥೆ ವಿಚಾರಿಸಿದೀನಿ ಮೇಡಂ. ಲಾರಿ ಬಿಡಿಸಿದ್ದೇ ಕುಡಿತಕ್ಕಾಗಿ. ಬಾಟಲಿ ಇವನೇ ಬಸ್ಸಲ್ಲಿ ಬಚ್ಚಿಟ್ಟಿರ್ತಾನೆ, ಹುಡುಗರ ಕೈಗೆ ಸಿಕ್ಕಿರುತ್ತೆ. ಆ ಸೊನ್ನೆ ಗಿನ್ನೆ ನನಗೆ ಹೇಳ್ಬೇಡಿ, ನಿನ್ನೆ ಕುಡಿದಿಲ್ಲ ಅಷ್ಟೇ."

ಕ್ಯಾಪ್ಟನ್ ಅಪ್ಪನ ಕುರ್ಚಿಯ ಹಿಂದೆ ನಿಂತು ತನ್ನ ಬೂಟನ್ನೇ ನೋಡುತ್ತಿದ್ದ.

ಮುಖ್ಯೋಪಾಧ್ಯಾಯಿನಿ ಡ್ರೈವರನಿಗೆ ಹೇಳಿದ್ದು ಇಷ್ಟೇ: "ನಾನು ನಂಬ್ತೀನಿ. ಆದರೆ ವಿಚಾರಣೆ ಮುಗಿಯೋವರೆಗೆ ಬಸ್ ಹತ್ತಬೇಡಿ."

ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಂದ.

ಮನೆಗೆ ಬಂದವನು ಫೋನನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತ. ಆ ಊರಿಗೆ ಈ ಸುದ್ದಿ ಮುಟ್ಟಿಸುವವರು ಯಾರೂ ಇರಲಿಲ್ಲ. ರಜೆಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೊನೆಯ ಸಾಲಿನ ಹುಡುಗರೂ ಈಗ ಅದನ್ನೇ ಮಾಡುತ್ತಿದ್ದಾರೆ ಎಂಬುದು ನೆನಪಾಯಿತು. ಅವರು ಬಾಯಿ ಬಿಡಲಿ ಎಂದು ತಾನಿಲ್ಲಿ ಕಾಯುತ್ತಿದ್ದಾನೆ. ಅವನು ಫೋನ್ ಎತ್ತಿದ. ಅಂದು ಭಾನುವಾರವಲ್ಲ.

"ಏನು, ಇವತ್ತು?" ಎಂದಳು ಹೆಂಡತಿಯ ಅಕ್ಕ, ದನಿಯಲ್ಲೇ ಹುಬ್ಬು ಗಂಟಿಕ್ಕಿ.

ಅವನು ಎಲ್ಲವನ್ನೂ ಹೇಳಿದ. "ಕುಡಿದದ್ದು ನಾನಲ್ಲ ಅಕ್ಕ. ಪರೀಕ್ಷೆನೂ ಮಾಡಿದಾರೆ. ಆದ್ರೆ ಕೆಲಸದಿಂದ ಸದ್ಯಕ್ಕೆ ನಿಲ್ಲಿಸಿದಾರೆ. ಕೆಟ್ಟದ್ದೇನೂ ನಿಮ್ಮ ಕಿವಿಗೆ ಬೀಳಬಾರದು ಅಂದಿದ್ರಿ. ಬೀಳೋದಾದ್ರೆ ನನ್ನ ಬಾಯಿಂದಲೇ ಬೀಳ್ಲಿ ಅಂತ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. "ನೋಡೋಣ," ಎಂದಳು ಆಕೆ. ಮುಗಿಯಿತು ಎಂದುಕೊಂಡು ಅವನು ಫೋನ್ ಇಳಿಸುವಷ್ಟರಲ್ಲಿ ಅದರೊಳಗೆ ಕೈ ಬದಲಾದಂತೆ ಸರಪರ ಸದ್ದಾಯಿತು.

"ಆ ಹುಡುಗ ಹೇಗಿದಾನೆ?"

ಅವನಿಗೆ ಯಾರ ದನಿ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಹೂಂ, ಏನಿಲ್ಲ ಎಂಬ ಪದಗಳಲ್ಲಿ ಮಾತ್ರ ಕೇಳಿದ್ದ ದನಿ.

"ಹುಷಾರಾಗಿದಾನೆ ಮಗಳೇ. ಮನೆಗೆ ಹೋದ."

"ಅವನ ಜೊತೆ ಯಾರಾದ್ರೂ ಇದ್ರಾ? ಅವರಮ್ಮ ಬರೋವರೆಗೆ?"

"ನಾನಿದ್ದೆ."

"ಹೂಂ," ಎಂದಳು. ಫೋನ್ ಕಟ್ಟಾಯಿತು.

ಅವನು ಎದ್ದು ಒಳಕೋಣೆಗೆ ಹೋಗಿ ಯಾರೂ ಮಲಗದ ಹಾಸಿಗೆಯ ಅಂಚಿನಲ್ಲಿ ಕೂತ. ಎರಡು ಪ್ರಶ್ನೆ. ಇಷ್ಟು ವರ್ಷಗಳಲ್ಲಿ ಅವಳು ಕೇಳಿದ್ದು ಎರಡು ಪ್ರಶ್ನೆ, ಅದೂ ಬೇರೆ ಯಾರದೋ ಮಗನ ಬಗ್ಗೆ. ಕಾವಲುಗಾರನ ಮುರುಕು ಕುರ್ಚಿ ಅವಳಿಗೆ ನೆನಪಿದೆ. ಅವಳು ಕೇಳಿದ್ದು ಅದನ್ನೇ.

ದಿನಗಳು ಮೆಲ್ಲಗೆ ಸರಿದವು. ಬೆಳಗಿನ ಹೊತ್ತು ಬೀದಿಯ ತುದಿಯಲ್ಲಿ ತನ್ನದೇ ಬಸ್ಸು ಹಾದುಹೋಗುವ ಸದ್ದಿಗೆ ಕಿವಿ ಕೊಡುತ್ತಿದ್ದ. ಬದಲಿ ಡ್ರೈವರ್ ಗೇರ್ ಹಾಕುವಾಗ ಎಂಜಿನ್ ಕಿರುಗುಟ್ಟಿದರೆ ಇವನ ಹಲ್ಲು ಜುಮ್ಮೆನ್ನುತ್ತಿತ್ತು.

ಒಂದು ಮಧ್ಯಾಹ್ನ ಆಯಮ್ಮ ಏದುಸಿರು ಬಿಡುತ್ತ ಬಂದು ಹೊಸ್ತಿಲ ಮೇಲೆ ಕುಕ್ಕರಿಸಿದಳು. "ಮೊದಲು ನೀರು ಕೊಡು. ಆಮೇಲೆ ಬೈ."

"ಬೈಯೋದು ಯಾಕೆ?"

"ನಿನ್ನ ಕಾನೂನು ಮುರಿದೆ. ಅದಕ್ಕೆ." ನೀರು ಕುಡಿದು ಬಾಯಿ ಒರೆಸಿಕೊಂಡಳು. "ಆ ಹೊಸ ಡ್ರೈವರ್ ಒಂಟಿ ಸೀಟಿನ ಮೇಲೆ ತನ್ನ ಗಂಟುಮೂಟೆ ಇಟ್ಕೋತಾನೆ. ಮಕ್ಕಳಿಗೆಲ್ಲ ಸಿಟ್ಟು. ಇವತ್ತು ಬೆಳಿಗ್ಗೆ ನಿನ್ನ ಕ್ಯಾಪ್ಟನ್ ಹತ್ತಿದ. ಕೊನೇ ಸಾಲಿಗೆ ಹೋಗ್ಲಿಲ್ಲ. ಮೂಟೆ ಎತ್ತಿ ಕೆಳಗಿಟ್ಟ. ಕೂತೇಬಿಟ್ಟ!"

"ಕ್ಯಾಪ್ಟನ್?"

"ಹೂಂನಪ್ಪ. ಇಡೀ ಬಸ್ಸು ಬಾಯಿಗೆ ಬೀಗ ಹಾಕ್ಕೊಂಡ ಹಾಗೆ ಸುಮ್ಮನಾಯ್ತು. ಯಾರೂ ಕೇಳಲ್ಲ, ಕಾನೂನಲ್ವಾ? ನಾನೂ ತಡ್ಕೊಂಡೆ. ಸುರಂಗದವರೆಗೂ ತಡ್ಕೊಂಡೆ. ಆಮೇಲೆ ನಿನ್ನ ಕಾನೂನಿಗಿಷ್ಟು ಬೆಂಕಿ ಹಾಕ ಅಂತ ಕೇಳಿಬಿಟ್ಟೆ. ಏನಾಯ್ತೋ ಮಗಾ ಅಂತ. ಅಷ್ಟೇ ಕೇಳಿದ್ದು. ಅಣೆಕಟ್ಟು ಒಡೆದ ಹಾಗೆ ಬಂತು ನೋಡು!"

ಬಾಟಲಿಯಲ್ಲಿದ್ದದ್ದು ಕ್ಯಾಪ್ಟನ್ ಮನೆಯ ಕಪಾಟಿನ ಹೆಂಡ. ಅಪ್ಪನ ಕಪಾಟು. ಮೊದಲು ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳಲು ತಂದದ್ದು, ಆಮೇಲೆ ಪೆನ್ಸಿಲ್‌ಗೆ. "ಇದನ್ನು ಕುಡಿದರೆ ಇನ್ನು ನಿನ್ನನ್ನು ಯಾರೂ ಮುಟ್ಟಲ್ಲ, ನಮ್ಮವನು ನೀನು" ಎಂದಿದ್ದರಂತೆ. ಹುಡುಗ ಮೂರು ಸಲ ಬೇಡ ಎಂದು, ನಾಲ್ಕನೆಯ ಸಲ ಕುಡಿದ. ಕ್ಯಾಪ್ಟನ್ ಶಾಲೆಯ ಗೇಟಿನಲ್ಲಿ ಇಳಿದು ನೇರವಾಗಿ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿದ್ದ. ಆಯಮ್ಮ ಬಾಗಿಲವರೆಗೂ ಜೊತೆಗೆ ನಡೆದಿದ್ದಳು. "ಒಳಗೆ ಏನಾಯ್ತು ಅಂತ ಕೇಳ್ಬೇಡ. ಬಾಗಿಲು ದಪ್ಪ, ನಾನು ಕಿವಿ ಇಟ್ಟಿದ್ದೂ ದಂಡ."

ಅವನಿಗೆ ನಗು ಬಂತು. ನಗುತ್ತಲೇ ಮುಖ ತಿರುಗಿಸಿಕೊಂಡ. ಒಂದೇ ಮಾತು, ಏನಾಯ್ತೋ ಮಗಾ. ಅದಕ್ಕಾಗಿ ಪೆನ್ಸಿಲ್ ವಾರಗಟ್ಟಲೆ ಅವನ ಮಗ್ಗುಲಲ್ಲೇ ಕೂತು ಕಾದಿದ್ದ.

ಅವನು ಮತ್ತೆ ಬಸ್ ಹತ್ತಿದ ದಿನ ಮೋಟು ಜಡೆಯವಳು ಚಪ್ಪಾಳೆ ತಟ್ಟಿಸಿದಳು. ಪೆನ್ಸಿಲ್ ಕೊನೆಗೆ ಹತ್ತಿ ಒಂಟಿ ಸೀಟಿನ ಪಕ್ಕ ನಿಂತ.

"ನಾನು ಕೇಳ್ಬೇಕಿತ್ತು ಕಣೋ," ಎಂದ ಡ್ರೈವರ್.

ಹುಡುಗ ಯೋಚಿಸಿದ. "ಕೇಳಿದ್ರೂ ಹೇಳ್ತಿರ್ಲಿಲ್ಲ ಮಾವ."

"ಇನ್ನೊಂದ್ಸಲ ಕೇಳಿದ್ರೆ?"

"ಆಗ್ಲೂ ಇಲ್ಲ." ಗವಸಿನ ಹೂವೊಂದನ್ನು ಬೆರಳಲ್ಲಿ ತೀಡುತ್ತ, "ಮೂರನೇ ಸಲ ಹೇಳ್ತಿದ್ನೇನೋ."

ಅಂದೇ ಕಾನೂನು ಬದಲಾಯಿತು. ಡ್ರೈವರ್ ಎಂಜಿನ್ ಆರಿಸಿ, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಇನ್ಮೇಲೆ ಈ ಸೀಟಲ್ಲಿ ಕೂತವರನ್ನ ನಾನೊಬ್ಬ ಕೇಳ್ತೀನಿ. ಯಾರಾದ್ರೂ ಏನಾದ್ರೂ ಮಾಡಿದ್ರಾ, ಅಂತ. ಉತ್ತರ ಕೊಡದೆ ಇದ್ರೂ ಪರವಾಗಿಲ್ಲ, ನಾಳೆ ಮತ್ತೆ ಕೇಳ್ತೀನಿ. ನಾನು ಮರೆತರೆ ಆಯಮ್ಮ ಕೇಳ್ತಾಳೆ."

"ನಾನು ಮರೆಯೋದಾ!" ಎಂದಳು ಆಯಮ್ಮ.

ಸುರಂಗದ ಕೂಗಾಟ ಅವನು ಹೂಡಿದ ಉಪಾಯವೇನಲ್ಲ, ತಾನಾಗಿ ಆದದ್ದು. ಅದರೊಳಗೆ ದನಿ ಮಾರ್ದನಿಸುತ್ತದೆಂದು ಮಕ್ಕಳು ಯಾವಾಗಲೂ ಕೂಗುತ್ತಿದ್ದರು. ಒಂದು ದಿನ ಪೆನ್ಸಿಲ್, "ಬೇಡ ಅನ್ನಕ್ಕೆ ಹೋದ್ರೆ ನನ್ನ ದನಿ ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ ಮಾವ. ಯಾಕೆ ಬೇಡ ಅಂತ ಕೇಳಿದ್ರೆ ಏನೂ ಹೊಳೆಯಲ್ಲ" ಎಂದ.

"ಯಾಕೆ ಅಂತ ಯಾಕೆ ಹೇಳ್ಬೇಕು? ಬೇಡ ಅನ್ನೋದು ಪೂರ್ತಿ ಮಾತು. ಹೇಳಿ ಅಲ್ಲಿಂದ ಎದ್ದು ಬಾ. ಮುಂದಿನ ಸೀಟು ಎಲ್ಲಿಗೂ ಓಡಿಹೋಗಲ್ಲ. ಈಗ ಸುರಂಗ ಬರುತ್ತೆ, ಕೂಗು ನೋಡೋಣ."

ಹುಡುಗ ಕೂಗಿದ. ಕೀರಲು ದನಿ. ಮೋಟು ಜಡೆಯವಳು ಸೇರಿಕೊಂಡಳು. ಮಾರನೆಯ ದಿನದಿಂದ ಇಡೀ ಬಸ್ಸು ಸುರಂಗದಲ್ಲಿ "ಬೇಡಾ!" ಎಂದು ಕಿರುಚತೊಡಗಿತು. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದವನೊಬ್ಬ ಬೆಚ್ಚಿ ಇಳಿದೇಬಿಟ್ಟ, ತಾನೇನು ಮಾಡಿದೆನೋ ಎಂಬಂತೆ.

ಕ್ಯಾಪ್ಟನ್‌ನನ್ನು ಕೆಲವು ದಿನ ಶಾಲೆಯಿಂದ ಹೊರಗಿಟ್ಟರು, ನಾಯಕತ್ವ ಹೋಯಿತು. ಆದರೆ ಓಡಿಸಿಬಿಡಲಿಲ್ಲ. ಅವನು ಮರಳಿ ಬಂದಾಗ ಜೋಡಿ ಸೀಟುಗಳಲ್ಲಿ ಯಾರೂ ಜಾಗ ಕೊಡಲಿಲ್ಲ. ಒಂಟಿ ಸೀಟಿಗೆ ಬಂದ. "ಮಾವ, ಅವನಿಗೆ ಕೊಡ್ಬೇಡ!" ಎಂದು ಹಿಂದಿನಿಂದ ಕೂಗು. ಡ್ರೈವರನ ಒಳಗೂ ಅದೇ ಕೂಗಿತ್ತು. ಆದರೂ ಗವಸು ಕೊಡವಿ ಕೂರಿಸಿದ.

"ಯಾರಾದ್ರೂ ಏನಾದ್ರೂ ಮಾಡಿದ್ರಾ?"

"ನಾನೇ ಅಲ್ವಾ ಮಾಡಿದ್ದು."

"ಮನೇಲಿ?"

ಕಿಟಕಿಯ ಕಡೆಗೆ ಹೇಳಿದ: "ಅಪ್ಪ ಮಾತು ಬಿಟ್ಟಿದಾರೆ. ಕಪಾಟಿನ ವಿಷಯ ಹೊರಗೆ ಹಾಕಿದೆ ಅಂತ."

ಡ್ರೈವರ್ ರಸ್ತೆ ನೋಡುತ್ತಿದ್ದ. ಮಾತು ಬಿಟ್ಟ ಮನೆಯಲ್ಲಿ ಗಡಿಯಾರದ ಸದ್ದು ಎಷ್ಟು ಜೋರಾಗಿರುತ್ತದೆಂದು ಅವನಿಗೆ ಗೊತ್ತಿತ್ತು. "ನೀನೇ ಮಾತಾಡ್ಸು," ಎಂದ. "ದೊಡ್ಡವರಿಗೆ ಶುರು ಮಾಡೋಕೆ ಬರಲ್ಲ. ಊಟ ಆಯ್ತಾ ಅಂತ ಕೇಳು ಸಾಕು. ಹೂಂ ಅಂದ್ರೆ, ನಾಳೆ ಮತ್ತೆ ಕೇಳು."

ಪರೀಕ್ಷೆಗಳು ಮುಗಿದವು. ಬಸ್ಸು ಖಾಲಿಯಾಯಿತು. ಭಾನುವಾರ ಫೋನಿನಲ್ಲಿ ಅವನು ಹೆಂಡತಿಯ ಅಕ್ಕನಿಗೆ ಸುರಂಗದ ಕೂಗನ್ನೂ ಒಂಟಿ ಸೀಟಿನ ಹೊಸ ಕಾನೂನನ್ನೂ ಹೇಳಿದ. ರಜೆಯ ಬಗ್ಗೆ ಆಕೆ ಏನೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಆಮೇಲೆ ತನಗೇ ನಾಚಿಕೆಯಾಗಿ ಮತ್ತೆ ಫೋನ್ ಮಾಡಿ ಕೇಳಿದ: "ಕಳಿಸ್ತೀರಾ ಅಕ್ಕ?" ಆಕೆ, "ಇಷ್ಟು ಹೊತ್ತು ಬೇಕಾಯ್ತಾ ಕೇಳೋಕೆ? ಅವಳು ಬಟ್ಟೆ ಜೋಡಿಸ್ಕೊಂಡು ಕೂತಿದಾಳೆ," ಎಂದಳು.

ನಿಲ್ದಾಣದಲ್ಲಿ ಇಳಿದವಳನ್ನು ಅವನು ಮೊದಲು ಗುರುತಿಸಲಿಲ್ಲ. ಎಷ್ಟೋ ಹುಡುಗಿಯರ ಭುಜ ಅಳೆದಿದ್ದವನು ಮಗಳ ಎತ್ತರದಲ್ಲಿ ತಪ್ಪಿದ್ದ. ಅವಳು ಅವನು ಎಣಿಸಿದ್ದಕ್ಕಿಂತ ಉದ್ದ, ಅವಳ ಅಮ್ಮನಂತೆ. ಮನೆಯಲ್ಲಿ ಪರದೆ ಮುಟ್ಟಿ ನೋಡಿದಳು, ಊಟ ಮಾಡಿದಳು, ಹೂಂ ಎಂದಳು. ಗೋಡೆಯ ಆಚೆ ಅವಳು ಮಗ್ಗುಲಾಗುವ ಸದ್ದು ಕೇಳಿಸಿಕೊಳ್ಳುತ್ತ ಅವನು ಮಲಗಿದ್ದ. ಒಂದೇ ಸೂರಿನಡಿ ಇದ್ದೂ ಅವಳು ಇನ್ನೂ ಬರಬೇಕಾದವಳೇ ಅನ್ನಿಸುತ್ತಿತ್ತು.

ಮೂರನೆಯ ದಿನ ಬಸ್ಸನ್ನು ರಿಪೇರಿಗೆ ಗ್ಯಾರೇಜಿಗೆ ಬಿಡಬೇಕಿತ್ತು. "ಬರ್ತೀಯಾ?" ಎಂದ. ಬಂದಳು. ಖಾಲಿ ಬಸ್ಸು ಹತ್ತಿ, ಒಂಟಿ ಸೀಟನ್ನು ಒಮ್ಮೆ ನೋಡಿ, ಕೊನೆಯ ಸಾಲಿಗೆ ಹೋಗಿ ಕಿಟಕಿಯ ಪಕ್ಕ ಕೂತಳು. ಕನ್ನಡಿಯ ಅಂಚಿನಲ್ಲಿ ಅವಳ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಅವನು ಕನ್ನಡಿಯನ್ನು ಸ್ವಲ್ಪ ತಿರುಗಿಸಿದ.

ಸುರಂಗದ ಹತ್ತಿರ ಅವಳ ದನಿ ಕೇಳಿತು. "ದೊಡ್ಡಮ್ಮ ಹೇಳಿದ್ರು. ಇಲ್ಲೇನಾ ಮಕ್ಕಳು ಕೂಗೋದು?"

"ಇಲ್ಲೇ."

ಅವಳು ಕೂಗಲಿಲ್ಲ. ಆದರೆ ಸುರಂಗ ದಾಟಿ ಬೆಳಕು ಬಂದಾಗ ಕನ್ನಡಿಯಲ್ಲಿ ಕೊನೆಯ ಸಾಲು ಖಾಲಿಯಿತ್ತು. ನೋಡಿದರೆ ಮಧ್ಯದ ಸಾಲಿನಲ್ಲಿ, ಮುಂದಿನ ಸೀಟಿನ ಬೆನ್ನಿಗೆ ಗಲ್ಲ ಊರಿ ಕೂತಿದ್ದಳು.

"ಆ ಒಂಟಿ ಸೀಟಲ್ಲಿ ಕೂತ್ರೆ ನೀನು ಏನೋ ಕೇಳ್ತೀಯಂತೆ."

"ಕೇಳ್ತೀನಿ. ಉತ್ತರ ಕೊಡದೆ ಇದ್ರೂ ಪರವಾಗಿಲ್ಲ."

"ಕೂತವರು ನಿನ್ನನ್ನ ಕೇಳ್ಬಹುದಾ?"

ಅವನು ಬಸ್ಸಿನ ವೇಗ ತಗ್ಗಿಸಿದ. "ಏನು ಬೇಕಾದ್ರೂ ಕೇಳ್ಬಹುದು."

ಅವಳು ಗವಸಿನ ತಲೆಕೆಳಗಾದ ಹೂಗಳನ್ನು ದೂರದಿಂದಲೇ ಒಂದೊಂದಾಗಿ ನೋಡಿದಳು. "ಇವತ್ತು ಬೇಡ," ಎಂದಳು.

"ಆಯ್ತು."

ಗ್ಯಾರೇಜಿನ ತಿರುವು ಬಂತು. ಮೆಕ್ಯಾನಿಕ್ ಬಾಗಿಲಲ್ಲೇ ನಿಂತು, ಒಳಗೆ ತಗೋ ಎಂದು ಕೈ ಬೀಸಿದ. ಡ್ರೈವರ್ ಹಾರ್ನ್ ಹೊಡೆದು, ತಿರುಗದೆ, ನೇರವಾಗಿ ಮುಂದಕ್ಕೆ ಓಡಿಸಿದ. ಇನ್ನೊಂದು ಸುತ್ತು ಹಾಕಿ ಬಂದರೆ ಸುರಂಗ ಮತ್ತೆ ಸಿಗುತ್ತಿತ್ತು.